ಎಳ್ಳಷ್ಟು ಎಡಕ್ಕೆ

ಮೊದಲು ಬಣ್ಣ ನೋಡಬೇಡಿ, ಅನ್ನುತ್ತೇನೆ ಬಂದವರಿಗೆಲ್ಲ.
ಬಣ್ಣ ಮಾತಾಡುತ್ತದೆ, ನಿಜ, ಆದರೆ ಅದು ವಾಚಾಳಿ.
ತಲೆಕೆಳಗು ಮಾಡಿ ನಿಲ್ಲಿಸಿ ಸೈಕಲ್ಲನ್ನು,
ಹೊಟ್ಟೆ ನೋಡಿ: ಪೆಡಲಿನ ಅಚ್ಚು ಕೂರುವ ಗೂಡಿನಡಿ,
ಯಾರೂ ಒರೆಸದ ಜಾಗದಲ್ಲಿ
ಇರುತ್ತದೆ ಹುಟ್ಟಿದ ಊರು.

ಬ್ರೆಂತಾ ನದಿಯ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ,
ನಿವೆಸ್ ಬಂದಳು, ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು
ಅಪ್ಪನ ನೀಲಿ ರೇಸ್ ಸೈಕಲ್ಲು.
"ಎಪ್ಪತ್ಮೂರನೇ ಇಸವಿಯದು. ಸ್ಕಲ್ಕೊ ಮೇಸ್ತ್ರಿಯ ಕೈಯದೇ.
ಒಂದು ತಿರುಪನ್ನೂ ಬದಲಿಸಿಲ್ಲ ಅಪ್ಪ."
ಎಲ್ಲರೂ ಇದನ್ನೇ ಅನ್ನುತ್ತಾರೆ.
ಸತ್ತವರು ಏನನ್ನೂ ಬದಲಿಸಿರುವುದಿಲ್ಲ.

ಒರೆಗೆ ಹಚ್ಚಿದೆ.
ಸೀಟಿನ ಕಂಬ ಇಪ್ಪತ್ತೇಳು ಪಾಯಿಂಟ್ ಎರಡು; ಹಗುರ ಉಕ್ಕು, ಸೈ.
ಹಿಂದಿನ ಗೇರಿನ ಬೆನ್ನಿಗೆ ಪೇಟೆಂಟ್ ಎಪ್ಪತ್ಮೂರು, ಸೈ.
ಬಲದ ಕ್ರ್ಯಾಂಕಿಗೂ ಎಡದ್ದಕ್ಕೂ ಐದು ವರ್ಷ ಅಂತರ,
ಅಣ್ಣತಮ್ಮಂದಿರಲ್ಲ, ದಾಯಾದಿಗಳು. ಎಪ್ಪತ್ತು ಯೂರೋ ಕಳೆಯಿರಿ.
ಬ್ರೇಕಿನ ರಬ್ಬರು ಒಣಖರ್ಜೂರ.
ಹ್ಯಾಂಡಲ್ಲಿಗೆ ಸುತ್ತಿದ ಬಟ್ಟೆಪಟ್ಟಿಯಲ್ಲಿ ಬೆವರಿನ ಕಪ್ಪು.
ಅದನ್ನು ತೊಳೆಯಬೇಡಮ್ಮ, ದಮ್ಮಯ್ಯ,
ಆ ಕಪ್ಪಿಗೇ ನೂರು ಕೊಡುವ ಹುಚ್ಚರಿದ್ದಾರೆ ಓಸಾಕಾದಲ್ಲಿ.

ಆಮೇಲೆ ಕವೆ. ಮುಂಚಕ್ರ ಹಿಡಿದು ನಿಲ್ಲುವ ಕವೆ.
ನೀಲಿ ಇಲ್ಲಿ ಒಂದು ಕೂದಲು ಹೆಚ್ಚು ನೀಲಿ.
ಉಗುರಲ್ಲಿ ಕೆರೆದೆ. ಅಡಿಯಲ್ಲಿ ಕ್ರೋಮ್ ಇರಬೇಕಿತ್ತು,
ಇಲ್ಲ. ಬಣ್ಣ ಬಯಲಾಗುವುದು ಅಂದರೆ ಅಕ್ಷರಶಃ ಇದೇ.
ಕಳಚಿ, ಕುತ್ತಿಗೆಯ ಕೊಳವೆಯೊಳಗೆ ಬೆರಳಿಟ್ಟೆ:
ಮೇಸ್ತ್ರಿ ತರಿಸುತ್ತಿದ್ದ ಉಕ್ಕಿನ ಒಳಗೆ
ಐದು ಏಣು ಬಳ್ಳಿಯ ಹಾಗೆ ತಿರುಚಿ ಏರುತ್ತಿದ್ದವು.
ನುಣುಪು. ಬರೀ ನುಣುಪು.

"ಇದು ಮೂಲದ್ದಲ್ಲ" ಅನ್ನಲು ಬಾಯಿ ತೆರೆದವನು
ಬೆಸುಗೆಯ ಅಂಚಿಗೆ ದೀಪ ಹಿಡಿದೆ.
ಹಿತ್ತಾಳೆಯ ಮೇಲೆ ಅರ ಓಡಿದ ಗೀರು
ಬಲದಿಂದ ಎಡಕ್ಕೆ.
ಎಡಚನ ಗೀರು.

ಸ್ಕಲ್ಕೊ ಅಂಗಡಿಯಲ್ಲಿ ಎಡಚ ಇದ್ದದ್ದು ಒಬ್ಬನೇ.
ಹದಿನೇಳು ವರ್ಷ. ಹೆಸರು ಅನ್ಸೆಲ್ಮೊ.
ನಾನು.

ಮೇಸ್ತ್ರಿ ಆ ವಾರ ಆಸ್ಪತ್ರೆಯಲ್ಲಿ. ಭಾನುವಾರ ರೇಸು.
ಶುಕ್ರವಾರ ಸಂಜೆ ಇಜೀನಿಯೊ ಬಂದ, ಮೊಣಕೈಯಲ್ಲಿ ರಕ್ತ,
ಮುರಿದ ಕವೆಯನ್ನು ಮೇಜಿನ ಮೇಲಿಟ್ಟ, ಮೊಲ ಇಟ್ಟ ಹಾಗೆ.
"ಮೇಸ್ತ್ರಿ ಮಾಡಿಟ್ಟದ್ದೊಂದು ಒಳಗಿದೆ, ನಾಳೆ ಬಾ" ಅಂದೆ.
ಒಳಗೆ ಏನೂ ಇರಲಿಲ್ಲ.
ರಾತ್ರಿಯಿಡೀ ಮಾಡಿದೆ, ಮೇಸ್ತ್ರಿಯ ದರ ತೆಗೆದುಕೊಂಡೆ,
ಆ ದುಡ್ಡಲ್ಲಿ ಕಂದು ಶೂ ಕೊಂಡೆ. ಅದು ಕಚ್ಚಿತು.

ಈಗ ಪ್ರಮಾಣಪತ್ರ ಎದುರಿಗಿದೆ.
"ಹಲ್ಲಿನ ಡಾಕ್ಟರಿಗೆ ಕೊಡಬೇಕು" ಅಂದಳು ನಿವೆಸ್, "ಎಷ್ಟಾದೀತು?"
ಎಲ್ಲ ಮೂಲದ್ದೇ ಎಂದು ಬರೆದರೆ ಮೂರು ಸಾವಿರ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನಂತೆ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

ಮುಂದಿನ ಕವೆ: ಬದಲಿ, ೧೯೭೮.
ಮಾಡಿದವನು: ಕೆಳಗೆ ಸಹಿ ಹಾಕಿದವನೇ.
ಬೆಲೆ: ಸಾವಿರದ ಒಂಬೈನೂರು.

ಓದಿದಳು. ಬೈಯಲಿಲ್ಲ.
"ಚೆನ್ನಾಗಿ ಮಾಡಿದ್ದೀರಾ?" ಅಂದಳು.

ಇಲ್ಲ. ಕವೆಯ ಎರಡು ಕಾಲಿಗೂ ಒಂದು ಮಿಲಿಮೀಟರು ಹೆಚ್ಚುಕಮ್ಮಿ.
ಎಳ್ಳಷ್ಟು ಎಡಕ್ಕೆ ಎಳೆಯುತ್ತದೆ.
ಓಡಿಸುವವನು ಸದಾ ಬಲಕ್ಕೆ ವಾಲಿಕೊಂಡಿರಬೇಕು.

ಹೊದಿಕೆ ಮಡಿಸುತ್ತಿದ್ದವಳ ಕೈ ನಿಂತಿತು.
ಅಪ್ಪನ ಕೋಟುಗಳಿಗೆಲ್ಲ ಅಮ್ಮ
ಬಲಭುಜದ ಒಳಗೆ ಹತ್ತಿ ತುಂಬಿ ಹೊಲಿಯುತ್ತಿದ್ದಳು, ಅಂದಳು.
ಚರ್ಚಿನಲ್ಲಿ, ಮದುವೆಯ ಫೋಟೋಗಳಲ್ಲಿ,
ಕೊನೆಗೆ ಪೆಟ್ಟಿಗೆಯಲ್ಲಿ ಮಲಗಿದಾಗಲೂ ಆ ಕಡೆ ತಗ್ಗು.

"ಹುಟ್ಟಿನಿಂದಲೇ ಹಾಗೆ
ಅಂದುಕೊಂಡಿದ್ದೆವು ನಾವು."