ಮನೆಯಲ್ಲಿ ಯಾರ್ಯಾರಿದ್ದೀರಿ

ಕೇಳಿದಳು ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ.
ನಾನು ರೇಷನ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.
ಅಣ್ಣ ನಕ್ಕ. ಆಕೆ ನಗಲಿಲ್ಲ,
ಒಂದೊಂದೇ ಹೆಸರು ಓದಿ ಬರೆದುಕೊಂಡಳು:
ಚೌಡಮ್ಮ, ಮಾದೇಶ, ಶೈಲ, ಚಿರಂತ್, ಆಮೇಲೆ ನಾನು.
"ಇಷ್ಟೇನಾ?"

ಶುರುವಾದದ್ದು ಡಿಪೋದ ರಕ್ತದಾನದ ದಿನ.
ಬಾಳೆಹಣ್ಣು, ಬಿಸ್ಕತ್ ಪೊಟ್ಟಣ, ಸರ್ಟಿಫಿಕೇಟು ಹಿಡಿದು
ಬಂದಿದ್ದ ಅಣ್ಣ, ಗೋಡೆಗೆ ಅಂಟಿಸಿಯೂ ಇದ್ದ.
ಹನ್ನೆರಡನೇ ದಿನ ಫೋನು:
ಒಬ್ಬರೇ ಬನ್ನಿ, ಸ್ವಲ್ಪ ಮಾತಾಡಬೇಕು.

ಆ ರಾತ್ರಿಯೇ ಅವನ ಲೋಟ ಬೇರೆಯಾಯಿತು.
ಯಾರೂ ಹೇಳಲಿಲ್ಲ, ಯಾರೂ ಎತ್ತಿಡಲಿಲ್ಲ,
ತಾನೇ ನಡೆದುಹೋಗಿ ಕೂತಂತೆ
ಬಚ್ಚಲ ಕಟ್ಟೆಯ ಮೇಲೆ ಕೂತಿತ್ತು.
ಕ್ಯಾತಮಾರನಹಳ್ಳಿಯ ನಮ್ಮ ಒಂದೂವರೆ ಕೋಣೆಯಲ್ಲಿ
ಬೇರೆ ಇಡಲು ಜಾಗವಾದರೂ ಎಲ್ಲಿ,
ಆದರೂ ಇಟ್ಟೆವು.
ಚಿರಂತ್ ಅದರಲ್ಲೇ ನೀರು ಕುಡಿದು
ಬೆನ್ನಿಗೆ ಏಟು ತಿಂದ. ಹೊಡೆದವಳು ನಾನು.

"ತಟ್ಟೆ ಲೋಟದಿಂದ ಬರಲ್ಲ, ಒಟ್ಟಿಗೆ ಉಂಡರೆ ಬರಲ್ಲ"
ಎಂದು ಡಾಕ್ಟರು ಹೇಳುವಾಗ ನನ್ನ ಅಂಗೈ ನೋಡಿಕೊಂಡೆ.
"ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಅವರವರದು ಅವರವರಿಗೆ.
ರಕ್ತದ ದಾರಿ ಇದರದು. ಇನ್ನೊಂದು ದಾರಿ..."
ಅಲ್ಲಿಗೇ ನಿಲ್ಲಿಸಿ ಅವ್ವನ ಕಡೆ ತಿರುಗಿದಳು:
"ನಿಮಗೆಷ್ಟು ಮಕ್ಕಳು ಅಮ್ಮಾ?"

ಕಾರ್ಡಿನಲ್ಲಿಲ್ಲದ ನಾಗಮಣಿಯಕ್ಕ ಹಾಗೆ ಬಂದಳು,
ಕಿರುಗಾವಲಿನಿಂದ, ಅವ್ವನಿಗೆ ಜ್ವರವೆಂದು ಅತ್ತೆಗೆ ಸುಳ್ಳು ಹೇಳಿ.
ಜ್ವರವಿಲ್ಲದ ಅವ್ವ ಉಪ್ಸಾರು ಮಾಡಿ ಮುದ್ದೆ ಬಡಿಸಿದಳು.
ಬೆಳಿಗ್ಗೆ, ಅಣ್ಣನದೂ ಇನ್ನೊಮ್ಮೆ ಸೇರಿ, ಆರು ತೋಳು,
ಆರು ಕಿರುಬಾಟಲಿ, ಒಂದೇ ಬಣ್ಣದ ಮುಚ್ಚಳ,
ಒಳಗಿನ ಕೆಂಪೂ ನೋಡಲು ಒಂದೇ.

ಶೈಲತ್ತಿಗೆಗೆ ಇಲ್ಲ. ಮಗುವಿಗೂ ಇಲ್ಲ,
ಹುಟ್ಟಿದಾಗ ಹಾಕಿಸಿದ ಸೂಜಿಯ ಕಾರ್ಡು
ಟ್ರಂಕಿನ ತಳದಲ್ಲಿ ಹಳದಿಗಟ್ಟಿ ಬಿದ್ದಿತ್ತು.
ನನಗೆ ಬಂದು ಹೋಗಿದೆಯಂತೆ,
ಎಲ್ಲಿ ಹತ್ತಿತೋ ಎಲ್ಲಿ ಇಳಿಯಿತೋ, ಟಿಕೇಟು ಕೇಳುವ ಮೊದಲೇ.
ಅಕ್ಕ ತನ್ನ ಕಾಗದ ನಾಲ್ಕಾಗಿ ಮಡಚಿ ರವಿಕೆಯೊಳಗಿಟ್ಟಳು.
"ಇಬ್ಬರು ಮಕ್ಕಳನ್ನೂ ಕರ್ಕೊಂಡು ಬನ್ನಿ" ಎಂದದ್ದಕ್ಕೆ
ನನ್ನ ಕಿವಿಯಲ್ಲಿ ಕೇಳಿದಳು:
"ಈ ಸಲ ಯಾರಿಗೆ ಜ್ವರ ಬರ್ಸಲಿ?"

ಕೊನೆಗೆ ಅವ್ವನದು.
ಪಾಸಿಟಿವ್ ಅಂದ್ರೆ ಒಳ್ಳೇದಲ್ವಾ ಎಂದಳು ಮೊದಲು.
ಆಮೇಲೆ ತಿಳಿಯಿತು. ನಾವು ಕಾದೆವು,
ನಾನೇ ಕೊಟ್ನಾ ಎಂದು ಎದೆ ಬಡಿದುಕೊಳ್ಳುತ್ತಾಳೆಂದು.
ಡಾಕ್ಟರು ನೀರಿನ ಬಾಟಲಿ ಹತ್ತಿರ ಸರಿಸಿದಳು.
ಸೆರಗು ಸರಿಮಾಡಿಕೊಂಡು ಅವ್ವ ಕೇಳಿದ್ದೇ ಬೇರೆ:
"ನಮ್ಮವ್ವಂಗೂ ಇದ್ದಿರ್ಬೋದಾ? ನನ್ ತಮ್ಮಂಗೂ?"
"ಇದ್ದಿರಬಹುದು."

ಜವರ ಮಾವ. ಹೊಟ್ಟೆಗೆ ನೀರು ತುಂಬಿ
ಮೂವತ್ತೆಂಟಕ್ಕೆ ಹೋದವನು.
ಕುಡಿದು ಸತ್ತ ಎಂದು ಊರಿಗೆ ಊರೇ ಹೇಳಿತು.
ತಿಥಿಯ ಎಡೆಯಲ್ಲಿ, ಒಬ್ಬಟ್ಟಿನ ಪಕ್ಕ,
ಯಾರೋ ಒಂದು ಕ್ವಾರ್ಟರ್ ಬಾಟಲಿ ಇಟ್ಟಿದ್ದರು.
ಮಜ್ಜಿಗೆ ಹುಳಿಯಾದರೂ ಮುಖ ಕಿವುಚ್ತಿದ್ದ ನನ್ ತಮ್ಮ
ಎಂದು ಅವ್ವ ಇಪ್ಪತ್ತಾರು ವರ್ಷ ಹೇಳಿದಳು.
ನಾವು ಹೂಂ ಅಂದೆವು.
ನಂಬಲಿಲ್ಲ.

"ಬರ್ಕೊಳಿ" ಎಂದಳು ಈಗ, ಕಾಗದದ ಮೇಲೆ ಬೆರಳಿಟ್ಟು.
"ಜವರ. ಕುಡೀತಿರ್ಲಿಲ್ಲ."
ಹುಡುಗಿ ಒಂದು ಗಳಿಗೆ ಅವ್ವನನ್ನೇ ನೋಡಿ,
ಸತ್ತವರಿಗೆ ಕಾಲಂ ಇಲ್ಲದ ಹಾಳೆಯ ಅಂಚಿನಲ್ಲಿ
ಬರೆದಳು.

ಕ್ಯಾಲೆಂಡರಿನಲ್ಲಿ ಮೂರು ಸುತ್ತು, ಶೈಲತ್ತಿಗೆಯ ಸೂಜಿಗೆ.
ಅಣ್ಣನಿಗೆ ದಿನಕ್ಕೊಂದು ಗುಳಿಗೆ,
ಅವ್ವನಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನು.
ಅಕ್ಕನಿಂದ ಇನ್ನೂ ಫೋನಿಲ್ಲ.
ಲೋಟಗಳು ಮತ್ತೆ ಒಂದೇ ಬುಟ್ಟಿಯಲ್ಲಿ ಗುದ್ದಾಡುತ್ತವೆ,
ಅವನದು ಯಾವುದೆಂದು ಈಗ ಗೊತ್ತಾಗುವುದಿಲ್ಲ.
ಗೊತ್ತಾಗುತ್ತದೆ. ಅಂಚಿನಲ್ಲಿ ನೆಗ್ಗಿದೆ.
ದಿನಾ ಬೆಳಿಗ್ಗೆ ಅದನ್ನೇ ಹುಡುಕಿ ತೆಗೆದು
ನನ್ನ ಕಾಫಿ ಹಾಕಿಕೊಳ್ಳುತ್ತೇನೆ.