ಕ್ಷೌರದಂಗಡಿಯ ಹಿತ್ತಲು

ಕತ್ಬಲೋಗನ್ ಬಂದರಿನ ಬಳಿ
ಕ್ರಿಸಾಂತೋನ ಕ್ಷೌರದಂಗಡಿ.
ಹಿಂದೆ, ತಲೆ ತೊಳೆದ ನೀರು ಹರಿಯುವಲ್ಲಿ,
ಒಂದು ಸೀಮೆ ಅಗಸೆ.

ಬೀಜ ಕೊಟ್ಟವಳು ಮೀನು ಮಾರುವ ಎಪಿಫಾನಿಯಾ.
ಕೊಡುವಾಗ ಮಗನ ಟೋಪಿ ಸರಿಸಿ
ತೋರಿಸಿದ್ದಳು: ಹುಳುಕಡ್ಡಿ,
ನಾಣ್ಯ ಒತ್ತಿದಷ್ಟು ದುಂಡಗೆ.
ನಿನ್ನ ಬಾಚಣಿಗೆಯದೇ ಅನ್ನಲಿಲ್ಲ.
ರಾತ್ರಿಯಿಡೀ ನೆನೆಹಾಕು, ಅಂದಳು. ಅಷ್ಟೆ.

ಈಗ ಕತ್ತರಿ, ಬಾಚಣಿಗೆ ದಿನಾ ಕುದಿಸುತ್ತಾನೆ.
ಹೂ ಮುಗಿದ ಮೇಲೆ ಗಿಡವನ್ನೂ
ಮೊಣಕಾಲೆತ್ತರಕ್ಕೆ ಸವರುತ್ತಾನೆ,
ಗಿರಾಕಿಯನ್ನು ಕೇಳುವಂತೆಯೇ ಕೇಳಿ:
ಪಕ್ಕದಲ್ಲಿ ಇನ್ನೂ ಸ್ವಲ್ಪ?

ಹಳದಿ ಹುಳು ಎಲೆ ತಿಂದರೆ ತಿನ್ನಲಿ,
ಅರ್ಧ ಅವಕ್ಕೆ, ಅರ್ಧ ತಲೆಗಳಿಗೆ.

ನವೆಂಬರಿನಲ್ಲಿ ಮೇಣದಬತ್ತಿಯಂತೆ
ನೆಟ್ಟಗೆ ನಿಂತ ಹೂ. ಸತ್ತವರ ದಿನಕ್ಕೆಂದು
ಕೊಯ್ಯಲು ಬಂದವರಿಗೆ ಇಲ್ಲವೆನ್ನುವುದಿಲ್ಲ.
ಎಲೆಯನ್ನು ಮಾತ್ರ ತಾನೇ ಜಜ್ಜುತ್ತಾನೆ,
ಕೊಬ್ಬರಿ ಎಣ್ಣೆಯಲ್ಲಿ ಕಲಸಿ
ಪೋರರ ನೆತ್ತಿಗೆ ಹಚ್ಚುತ್ತಾನೆ, ಪುಕ್ಕಟೆ.

ಆ ಹುಡುಗ ಮೊನ್ನೆ ಬಂದಿದ್ದ. ಮೀಸೆ ಮೂಡುತ್ತಿದೆ.
ದಟ್ಟ ಕೂದಲು. ಕ್ರಿಸಾಂತೋನ ಬೆರಳು
ಹಳೆಯ ನಾಣ್ಯಗಳನ್ನು ತಡಕಿತು,
ಒಂದೂ ಸಿಗಲಿಲ್ಲ.
ಹಿತ್ತಲಲ್ಲಿ ಎಲೆ ಮಡಿಚಿಕೊಳ್ಳುವ ಹೊತ್ತು.
ದುಡ್ಡು ಬೇಡ, ಅಂದ.
ಹುಡುಗ ಕೊಟ್ಟೇ ಹೋದ.