ಅರ್ಧ ಸುತ್ತಿನ ಕೀಲು

ದ್ಯಾಮಣ್ಣ ಹಾಳ್ಯಾಗ ಸುತ್ತಿ ತಂದ ಕೊಂಡೀನ
ಲೇತಿನ ಮುಂದ ಬಿಚ್ಚಿಟ್ಟ.
ಬೆರಳ ದಪ್ಪ ಇದ್ದ ಸಳಿ
ಒಂದ ಕಡೆ ಸವದು
ಬಿದಿಗಿ ಚಂದ್ರನ ಹಂಗ ಆಗಿತ್ತು.
"ಇನ್ನೊಂದ ಐತ್ವಾರ ತಡದಿದ್ರ," ಅಂದ,
ಮುಂದಿಂದು ಹೇಳಲಿಲ್ಲ.

ಬೆಟಗೇರಿ ಪಾರ್ಕಿನ ಜೋಕಾಲಿ.
ನದಾಫರ ಸುಮಯ್ಯಾನ ಉಗುರು ಹೋಗಿದ್ದು ಅದರಾಗ,
ಕುಂದರೂ ಹಲಗಿ ಹತ್ರ, ಸರಪಳಿ ಕೊಂಡಿ ನಡುವ,
ಹ್ವಾದ ಶ್ರಾವಣದಾಗ.

ಮೊದಲ ನಾ ಬಾಲ್ ಬೇರಿಂಗ್ ಹಾಕಿದೆ.
ಪಂಪಿನ್ಯಾಗ, ಹಿಟ್ಟಿನ ಗಿರಣ್ಯಾಗ ಹತ್ತ ವರ್ಷ ಬರೂವಂಥಾದ್ದು
ಇಲ್ಲಿ ಎಂಟ ತಿಂಗಳಿಗೆ ಕಟಕಟ ಅಂತು.
ಬಿಚ್ಚಿ ನೋಡಿದ್ರ ಗುಂಡುಗಳು ನಿಂತಲ್ಲೇ ನಿಂತು
ಸಣ್ಣ ಸಣ್ಣ ಕುಣಿ ತೋಡಿದ್ದುವು.
ಜೋಕಾಲಿ ಎಂದೂ ಪೂರ್ತಿ ಸುತ್ತಂಗಿಲ್ಲ.
ಹೋಗ್ತೈತಿ, ಬರ್ತೈತಿ.
ದುಂಡಗ ಓಡಾಕ ಹುಟ್ಟಿದ್ದನ್ನ
ಹೊಸ್ತಿಲದಾಗ ಹಿಂದ ಮುಂದ ಆಡಿಸಿದ್ರ
ಅದು ನೆಲಾ ಕೆರೀದ ಏನ ಮಾಡ್ತೈತಿ?

ಗ್ರೀಸ್ ಬಡದೆ, ಕೈ ತುಂಬ.
ಕಪ್ಪತಗುಡ್ಡದ ಕಡಿಂದ ಗಾಳಿ ಬಂತು,
ಎರಿ ಮಣ್ಣಿನ ಧೂಳ ತಂತು.
ಗ್ರೀಸು ಧೂಳ ಕೂಡಿದ್ರ ಸಾಣಿ.
ನಾನ ನನ್ನ ಕೈಲೆ ಸಾಣಿ ಹಚ್ಚಿ ಬಂದಿದ್ದೆ
ಕೂಸುಗಳ ತಲಿ ಮ್ಯಾಲಿನ ಕಬ್ಬಿಣಕ್ಕ.

ಗುಡ್ಡದ ಮ್ಯಾಲ ಗಾಳಿಗಿರಣಿ ಅದಾವ.
ಅವುಗಳ ಬೇರಿಂಗಿನ್ಯಾಗ ಮನಶ್ಯಾ ನಿಂದರಬಹುದಂತ.
ಅವಕ್ಕ ಕ್ರೇನ್ ಐತಿ, ಜೀಪ್ ಐತಿ,
ನೋಡಾಕ ಇಂಜಿನಿಯರ್ ಅದಾರ.
ನನ್ನ ಕೀಲಿಗೆ ದ್ಯಾಮಣ್ಣ ಒಬ್ಬವ,
ಮಡಚಲಾರದ ಅವನ ಬಲ ಮಣಕಾಲು,
ಒಂದ ಹದಿನೇಳರ ಪಾನಾ.

ರಾತ್ರಿ ನಿದ್ದಿ ಹತ್ತಲಿಲ್ಲ. ಅವ್ವನ ಬೀಸುಕಲ್ಲ ನೆನಪಾತು.
ನಡುವಿನ ಗೂಟ ಕಟಿಗಿದು.
ಕಲ್ಲು ಮೂರ ತಲಿ ನಡೀತು,
ಗೂಟ ಸವದಾಗೊಮ್ಮೆ ಬಡಗ್ಯಾರ ಮನಿಯಿಂದ ಹೊಸಾದು,
ಒಂದ ಸೇರ ಜ್ವಾಳಕ್ಕ.
ಸವಿಯಾಕಂತನ ಒಂದನ್ನ ಇಟ್ಟಿದ್ರು ನಮ್ಮ ಹಿರ್ಯಾರು,
ಅಗ್ಗದ್ದು, ಕೈಗೆ ಸಿಗೂವಂಥಾದ್ದು.

ನೈಲಾನ್ ಬುಶ್ ಕಡದೆ. ಕರೇದು.
ಎಣ್ಣಿ ಕೇಳಂಗಿಲ್ಲ, ಧೂಳಿಗೆ ಅಂಟಂಗಿಲ್ಲ.
ಎರಡೂ ಕಡೆ ಮುಚ್ಚಳ, ಸಂದಿ ಎಷ್ಟಂದ್ರ
ಬೆಂಕಿಕಡ್ಡಿ ಹೋಗಬಾರದು.
ಜೋಡಿಗೆ ಒಂದ ಸಡಲ ಕುಣಿಕಿ,
ಬುಶ್ ಪೂರ್ತಿ ಒಡದ್ರೂ ಹಿಡಕೊಂಡು ನಿಂದರಾಕ.
ಬೋಲ್ಟು ಎಲ್ಲಾ ಒಂದ ಅಳತಿ, ಹದಿನೇಳು.
ಹಲಗಿ ಕಡೇಕೂ ಅದ.

ಹಾಕಿದ್ವಿ. ತೂಗಿದ್ವಿ.
ದ್ಯಾಮಣ್ಣ ಕಿವಿ ಕೊಟ್ಟು ನಿಂತ.
"ಸದ್ದ ಇಲ್ಲಲೋ ಮಾರಾಯಾ,
ಇನ್ನ ಕೆಟ್ಟದ್ದು ಹೆಂಗ ತಿಳೀಬೇಕು ನನಗ?"
ನಾ ನಕ್ಕೆ.
ಮನಿಗೆ ಬರೂದ್ರಾಗ ನಗಿ ಆರಿತ್ತು.
ಕಿರ್ರ್ ಅನ್ನೂದು ಅದರ ದೂರು,
ಓಣಿ ಮಂದಿ ಇಷ್ಟ ವರ್ಷ ಆಟದ ಸದ್ದಂತ ಕೇಳಿದ್ರು.
ಈಗ ನಾ ಅದರ ಬಾಯಿ ಕಟ್ಟಿದ್ದೆ.

ಮತ್ತ ಲೇತ್ ಚಾಲೂ ಮಾಡಿದೆ.
ಕರೇದು ಮೂರ ಮಿಲಿ ಸವದ್ರ
ಕೊಂಡಿ ಮೂರ ಮಿಲಿ ಇಳೀತೈತಿ.
ಇಳದ್ರ, ಮುಚ್ಚಳದ ಅಂಚಿನ ಕೆಳಗ
ಕೆಂಪ ಗೆರಿ ಹೊರಗ ಬರ್ತೈತಿ,
ಬೈತಲಿ ಕುಂಕುಮದಷ್ಟು.
ಕೆಳಗ ನಿಂತು ತಲಿ ಎತ್ತಿದ್ರ ಸಾಕು.
ಬದಲ ಮಾಡಾಕ ಮಾತ್ರ ಏಣಿ ಬೇಕು,
ಅದಕ್ಕ ಅವನ ತಮ್ಮನ ಮಗ ಅದಾನ.

ಬುಶ್ ಒಂದಕ್ಕ ನಲವತ್ತ ರೂಪಾಯಿ.
ನಗರಸಭೆ ಬಿಲ್ಲಿನ್ಯಾಗ ಇಂಥಾದ್ದಕ್ಕ ಸಾಲು ಇಲ್ಲಂತ,
"ಇತರೆ" ಅಂತ ಬರದಾರ.

ಸುಮಯ್ಯಾ ಬಂದ್ಲು ಎಂಟ ದಿನ ಬಿಟ್ಟು.
ಕುಂದರಲಿಲ್ಲ.
ಕರಕಿ ಕಡ್ಡಿ ಕಿತ್ತು ಹಲಗಿ ಹತ್ರದ ಸಂದ್ಯಾಗ ತೂರಿಸಿದ್ಲು.
ಡೊಂಕಾತು, ಹೋಗಲಿಲ್ಲ.
ಕಸಬರಗಿ ಕಡ್ಡಿ. ಅದೂ ಇಲ್ಲ.
ಅರ್ಧ ಬೆಳದ ಉಗುರಿನ ಬೆರಳು ಮಡಚಿಕೊಂಡು
ತಮ್ಮನ್ನ ಮೊದಲ ಹತ್ತಿಸಿದ್ಲು,
ಕತ್ತ ಎತ್ತಿ ಮ್ಯಾಲ ನೋಡಿ
"ಕೆಂಪ ಇಲ್ಲ ಕಾಕಾ," ಅಂದ್ಲು ದ್ಯಾಮಣ್ಣಗ,
ಸಾಲ್ಯಾಗ ಹಾಜರಿ ಹೇಳಿದಂಗ.
ಆಮ್ಯಾಲ ನೂಕಿದ್ಲು.